ಯುಎಂಎಲ್ ಪ್ರಾಜೆಕ್ಟ್ ಫೈಲ್ ಸೇವ್ ಮಾಡೋದು, ಕಳ್ಸೋದು, ಓಪನ್ ಮಾಡೋದು: ಮೊದ್ಲು ಅದರ ಹೊಟ್ಟೇಲಿ ಏನಿದೆ ನೋಡಿ

ಹೋದ ತಿಂಗಳು ಅಕ್ಕನ ಮಗ ರಾತ್ರಿ ಹತ್ತೂವರೆಗೆ ವಾಟ್ಸಾಪಲ್ಲಿ ಒಂದು ಫೈಲ್ ಕಳಿಸಿದ, ಜೊತೆಗೆ "ಮಾಮ, ಲೈಬ್ರರಿ ಪ್ರಾಜೆಕ್ಟ್ ಕ್ಲಾಸ್ ಡಯಾಗ್ರಾಮ್ ಸರಿ ಇದ್ಯಾ ನೋಡು, ನಾಳೆ ರಿವ್ಯೂ" ಅಂತ ಒಂದು ಮೆಸೇಜು. ಫೈಲ್ ಹೆಸರು ಲೈಬ್ರರಿ ಡಾಟ್ ಡಿಐ. ಸೈಜ್ ನೋಡಿದ್ರೆ ಒಂದು ಕೆಬಿನೂ ಇಲ್ಲ. ನಲವತ್ತು ಕ್ಲಾಸ್ ಬರ್ದಿದೀನಿ ಅಂತಾನೆ, ನಲವತ್ತು ಕ್ಲಾಸು ಒಂದು ಕೆಬಿಲಿ ಹೇಗಪ್ಪಾ ಹಿಡಿಸತ್ತೆ? ಅವನು ಕಳಿಸಿದ್ದು ಮನೆ ಅಲ್ಲ, ಮನೆ ಮುಂದೆ ನೇತಾಕಿರೋ ನೇಮ್ ಬೋರ್ಡು.

ಈ ಗೋಳು ಅವನೊಬ್ಬನದ್ದಲ್ಲ. ವರ್ಡ್ ಫೈಲ್ ಥರ ಒಂದು ಫೈಲು, ಡಬಲ್ ಕ್ಲಿಕ್ಕು, ಓಪನ್ನು ಅಂತ ಅಂದ್ಕೊಂಡು ಯುಎಂಎಲ್ (ಸಾಫ್ಟ್‌ವೇರ್ ವಿನ್ಯಾಸವನ್ನ ಚಿತ್ರದಲ್ಲಿ ಬರೆಯೋ ಭಾಷೆ) ಮಾಡೆಲಿಂಗ್ ಟೂಲ್ ಹತ್ರ ಹೋದವ್ರೆಲ್ಲ ಒಂದಲ್ಲ ಒಂದು ದಿನ ಇಲ್ಲಿ ಎಡವಿರ್ತಾರೆ. ನಾನು ಹದಿನೈದು ವರ್ಷದಿಂದ ಈ ಟೂಲ್‌ಗಳ ಜೊತೆ ಗುದ್ದಾಡ್ತಾ ಇದೀನಿ, ಕಲ್ತಿದ್ದು ಮುಖ್ಯವಾಗಿ ಒಂದೇ: ನಿಮ್ಮ ಪ್ರಾಜೆಕ್ಟ್ ಫೈಲು ನಿಜವಾಗ್ಲೂ ಏನು ಪದಾರ್ಥ ಅಂತ ಗೊತ್ತಿದ್ರೆ ಹೇಗೆ ಇಡಬೇಕು, ಹೇಗೆ ಕಳಿಸ್ಬೇಕು, ಕೆಟ್ರೆ ಹೇಗೆ ಎತ್ಬೇಕು ಅನ್ನೋದು ತಾನಾಗೇ ಗೊತ್ತಾಗತ್ತೆ. ಹಾಗಾಗಿ ಅಲ್ಲಿಂದಾನೇ ಶುರು ಮಾಡೋಣ.

ಹೆಜ್ಜೆ 1: ಎಕ್ಸ್‌ಟೆನ್ಷನ್ ಕಾಣೋ ಹಾಗೆ ಮಾಡ್ಕೊಳ್ಳಿ

ವಿಂಡೋಸ್ ತಾನಾಗೇ ಫೈಲ್ ಹೆಸರಿನ ಬಾಲ ಮುಚ್ಚಿಟ್ಟಿರತ್ತೆ. ಫೈಲ್ ಎಕ್ಸ್‌ಪ್ಲೋರರ್‌ನಲ್ಲಿ ವ್ಯೂ ಮೆನುಗೆ ಹೋಗಿ ಫೈಲ್ ನೇಮ್ ಎಕ್ಸ್‌ಟೆನ್ಷನ್ಸ್ ಅನ್ನೋದಕ್ಕೆ ಟಿಕ್ ಹಾಕಿ, ಅದರ ಪಕ್ಕದಲ್ಲೇ ಇರೋ ಹಿಡನ್ ಐಟಮ್ಸ್‌ಗೂ ಹಾಕಿ (ಯಾಕೆ ಅಂತ ಮುಂದೆ ಹೇಳ್ತೀನಿ). ಇದನ್ನ ಮಾಡದೆ ಫೈಲ್ ರಿನೇಮ್ ಮಾಡೋಕೆ ಹೋದ್ರೆ ಲೈಬ್ರರಿ ಡಾಟ್ ಜಿಪ್ ಅಂತ ನೀವಿಟ್ಟ ಹೆಸರು ಒಳಗೆ ಲೈಬ್ರರಿ ಡಾಟ್ ಜಿಪ್ ಡಾಟ್ ಎಂಡಿಜೆ (ಮುಚ್ಚಿದ್ದ ಹಳೇ ಬಾಲ) ಅಂತ ಆಗಿರತ್ತೆ, ಆಮೇಲೆ ಅರ್ಧ ಗಂಟೆ ತಲೆ ಕೆರ್ಕೋಬೇಕು.

ಹೆಜ್ಜೆ 2: ಬಾಲ ನಂಬ್ಬೇಡಿ, ತಲೆ ನೋಡಿ

ಬಾಲ ನೋಡಿ ಟೂಲ್ ಯಾವ್ದು ಅಂತ ಹೇಳೋಕೆ ಯಾವಾಗ್ಲೂ ಆಗಲ್ಲ. ಡಾಟ್ ಯುಎಂಎಲ್ ಅನ್ನೋ ಬಾಲಾನೇ ತಗೊಳ್ಳಿ. ಹಳೇ ಸ್ಟಾರ್‌ಯುಎಂಎಲ್ 5 ಅದೇ ಬಾಲ ಇಡ್ತಿತ್ತು, ಆರ್ಗೋಯುಎಂಎಲ್ ಕೂಡ ಬೇಕಂದ್ರೆ ಅದೇ ಬಾಲದಲ್ಲಿ ಸೇವ್ ಮಾಡತ್ತೆ, ಎಕ್ಲಿಪ್ಸ್ (ಪ್ರೋಗ್ರಾಮಿಂಗ್ ಟೂಲು) ಒಳಗೆ ಓಡೋ ಪಪೈರಸ್ ಕೂಡ ಮಾಡೆಲ್ ಇಡೋದು ಅದೇ ಬಾಲದ ಫೈಲಲ್ಲಿ. ಮೂರೂ ಎಕ್ಸ್‌ಎಂಎಲ್ಲೇ (ಡೇಟಾನ ಟ್ಯಾಗ್ ಹಾಕಿ ಬರೆಯೋ ಟೆಕ್ಸ್ಟ್ ಫಾರ್ಮ್ಯಾಟ್), ಆದ್ರೆ ಒಂದರ ಭಾಷೆ ಇನ್ನೊಂದಕ್ಕೆ ಅರ್ಥ ಆಗಲ್ಲ. ಡಾಟ್ ಎಂಡಿಎಲ್ ಕತೇನೂ ಅಷ್ಟೇ, ಹಳೇ ರ‍್ಯಾಷನಲ್ ರೋಸ್ ಅನ್ನೋ ಯುಎಂಎಲ್ ಟೂಲಿನ ಫೈಲೂ ಎಂಡಿಎಲ್ಲೇ, ಸಿಮ್ಯುಲಿಂಕ್ ಅನ್ನೋ ಸಿಮ್ಯುಲೇಷನ್ ಟೂಲಿನ ಹಳೇ ಫೈಲೂ ಎಂಡಿಎಲ್ಲೇ.

ಹಾಗಾಗಿ ಫೈಲಿನ ಒಂದು ಕಾಪಿ ಮಾಡ್ಕೊಂಡು (ಕಾಪಿ, ಒರಿಜಿನಲ್ ಅಲ್ಲ!) ಅದನ್ನ ನೋಟ್‌ಪ್ಯಾಡ್ ಪ್ಲಸ್ ಪ್ಲಸ್ ಅಥವಾ ವಿಎಸ್ ಕೋಡ್‌ನಲ್ಲಿ ಬಿಚ್ಚಿ ಮೊದಲ ಸಾಲು ನೋಡಿ. ಸೇವ್ ಮಾತ್ರ ಒತ್ಬೇಡಿ.

ಮೊದಲ ಎರಡು ಅಕ್ಷರ ಇಂಗ್ಲಿಷಿನ ಪಿ, ಕೆ ಆಗಿದ್ದು ಮುಂದೆ ಬರೀ ಕಸ ಕಂಡ್ರೆ ಅದು ಜಿಪ್ ಮೂಟೆ. ಜಿಪ್ ಫಾರ್ಮ್ಯಾಟ್ ಕಂಡುಹಿಡಿದ ಫಿಲ್ ಕಾಟ್ಜ್ ಅವರ ಹೆಸರಿನ ಮೊದಲಕ್ಷರಗಳು ಅವು, ಆರ್ಗೋಯುಎಂಎಲ್‌ನ ಝಾರ್ಗೋ ಫೈಲು, ಮ್ಯಾಜಿಕ್‌ಡ್ರಾದ ಎಂಡಿಜಿಪ್ ಫೈಲು, ಸಿಮ್ಯುಲಿಂಕ್‌ನ ಎಸ್ಎಲ್ಎಕ್ಸ್ ಎಲ್ಲಾ ಈ ಜಾತಿ. ಶುರುವಲ್ಲೇ ಹೂ ಬ್ರಾಕೆಟ್ ಇದ್ರೆ ಜೇಸನ್ (ಇದೂ ಡೇಟಾ ಬರೆಯೋ ಟೆಕ್ಸ್ಟ್ ಫಾರ್ಮ್ಯಾಟೇ), ಅಂದ್ರೆ ಹೊಸ ಸ್ಟಾರ್‌ಯುಎಂಎಲ್‌ನ ಎಂಡಿಜೆ. ಪ್ರಶ್ನೆ ಚಿಹ್ನೆ ಜೊತೆ ಎಕ್ಸ್‌ಎಂಎಲ್ ಅಂತ ಇದ್ರೆ ಗೊತ್ತೇ ಇದೆ. ಎಸ್‌ಕ್ಯೂಲೈಟ್ ಫಾರ್ಮ್ಯಾಟ್ 3 ಅಂತ ಓದೋಕೆ ಸಿಕ್ರೆ ಅದೊಂದು ಪೂರಾ ಡೇಟಾಬೇಸು, ಎಂಟರ್‌ಪ್ರೈಸ್ ಆರ್ಕಿಟೆಕ್ಟ್‌ನ ಹೊಸ ಕ್ಯೂಇಎ ಫೈಲ್ ಹೀಗಿರತ್ತೆ. ಸ್ಟ್ಯಾಂಡರ್ಡ್ ಜೆಟ್ ಡಿಬಿ ಅಂತ ಕಂಡ್ರೆ ಅದು ಮೈಕ್ರೋಸಾಫ್ಟ್ ಆಕ್ಸೆಸ್ ಡೇಟಾಬೇಸು, ಅದೇ ಟೂಲಿನ ಹಳೇ ಇಎಪಿ ಫೈಲು.

ಇಷ್ಟು ಗೊತ್ತಾದ್ರೆ ಅರ್ಧ ಕೆಲ್ಸ ಮುಗೀತು.

ಹೆಜ್ಜೆ 3: ಸೇವ್ ಮಾಡೋದು (ಒಂದೊಂದು ಟೂಲಿಗೆ ಒಂದೊಂದು ಸ್ವಭಾವ)

ಸ್ಟಾರ್‌ಯುಎಂಎಲ್ ಸುಲಭ. ಮಾಡೆಲ್ಲು, ಡಯಾಗ್ರಾಮು ಎಲ್ಲಾ ಒಂದೇ ಎಂಡಿಜೆ ಫೈಲಲ್ಲಿ, ಅದೂ ಓದೋಕೆ ಬರೋ ಟೆಕ್ಸ್ಟು. ಇಬ್ರು ಸೇರಿ ಒಂದೇ ಪ್ರಾಜೆಕ್ಟ್ ಮಾಡ್ತಿದ್ರೆ ಪೂರ್ತಿ ಫೈಲ್ ಆಚೆ ಈಚೆ ಎಸೀಬೇಡಿ, ಒಬ್ರು ತಮ್ಮ ಪ್ಯಾಕೇಜನ್ನ ಮಾತ್ರ ಫ್ರಾಗ್ಮೆಂಟ್ ಅಂತ ಎಕ್ಸ್‌ಪೋರ್ಟ್ ಮಾಡಿ (ಎಂಎಫ್‌ಜೆ ಬಾಲ ಬರತ್ತೆ), ಇನ್ನೊಬ್ರು ಅದನ್ನ ಇಂಪೋರ್ಟ್ ಮಾಡ್ಕೊಳ್ಳಲಿ.

ಆರ್ಗೋಯುಎಂಎಲ್ ಹಳೇ ಗಾಡಿ, ಸ್ಟೇಬಲ್ ಆವೃತ್ತಿ 0.34 ಬಂದಿದ್ದೇ 2011ರಲ್ಲಿ, ಆದ್ರೂ ಎಷ್ಟೋ ಲ್ಯಾಬ್ ಮೆಷೀನಲ್ಲಿ ಇನ್ನೂ ಓಡ್ತಿದೆ, ಫ್ರೀ ಅಲ್ವಾ. ಅದರಲ್ಲಿ ನೆಚ್ಚಿಕೊಳ್ಳೋ ಅಂಥ ಅನ್‌ಡೂ ಇಲ್ಲ, ಕೈ ತಪ್ಪಿ ಒಂದು ಕ್ಲಾಸ್ ಡಿಲೀಟ್ ಮಾಡಿದ್ರೆ ಹೋಯ್ತು ಅಂತ್ಲೇ ಲೆಕ್ಕ, ಹಾಗಾಗಿ ಪ್ರತಿ ದೊಡ್ಡ ಬದಲಾವಣೆಗೆ ಮುಂಚೆ ಸೇವ್ ಆಸ್ ಮಾಡಿ ಹೊಸ ಹೆಸರು ಕೊಡಿ. ಇನ್ನೊಂದು ವಿಷ್ಯ ಜಾಸ್ತಿ ಜನಕ್ಕೆ ಗೊತ್ತಿಲ್ಲ: ನೀವು ಸೇವ್ ಒತ್ತಿದಾಗ ಅದು ಹಿಂದಿನ ಫೈಲನ್ನ ಹೆಸರಿನ ಕೊನೇಲಿ ಒಂದು ಅಲೆ ಗುರುತು (ಕೀಬೋರ್ಡಲ್ಲಿ ಒಂದರ ಎಡಕ್ಕಿರೋ ಟಿಲ್ಡ್) ಹಾಕಿ ಅದೇ ಫೋಲ್ಡರಲ್ಲಿ ಇಟ್ಟಿರತ್ತೆ. ಅದನ್ನ ಕಸ ಅಂತ ಅಳಿಸ್ಬೇಡಿ, ನಿಮ್ಮ ಒಂದು ಸೇವ್ ಹಿಂದಿನ ಪ್ರಾಜೆಕ್ಟ್ ಅದು.

ಎಂಟರ್‌ಪ್ರೈಸ್ ಆರ್ಕಿಟೆಕ್ಟ್ ಹತ್ರ ಹುಷಾರು, ಇಲ್ಲೇ ಕಂಪನಿ ಜನ ಜಾಸ್ತಿ ಬೀಳೋದು. ಅದು ಡೇಟಾಬೇಸ್ ಆಗಿರೋದ್ರಿಂದ "ಸೇವ್ ಮಾಡದೆ ಕ್ಲೋಸ್ ಮಾಡಿದ್ರಾಯ್ತು, ಹಳೇದೇ ಇರತ್ತೆ" ಅನ್ನೋ ವರ್ಡ್ ಕಾಲದ ಲೆಕ್ಕಾಚಾರ ನಡಿಯಲ್ಲ. ಎಲಿಮೆಂಟ್ ಹೆಸರು ಬದ್ಲಾಯಿಸಿ ಓಕೆ ಒತ್ತಿದ್ರೆ ಆ ಕ್ಷಣಾನೇ ಡೇಟಾಬೇಸಿಗೆ ಹೋಗಿರತ್ತೆ. ಡಯಾಗ್ರಾಮಲ್ಲಿ ಬಾಕ್ಸ್ ಎಲ್ಲಿ ಕೂತಿದೆ ಅನ್ನೋ ಲೇಔಟ್ ಮಾತ್ರ ಕಂಟ್ರೋಲ್ ಎಸ್ ಕೇಳತ್ತೆ. ಡಯಾಗ್ರಾಮಲ್ಲಿ ಬರೀ ಡಿಲೀಟ್ ಒತ್ತಿದ್ರೆ ಚಿತ್ರದಿಂದ ಮಾತ್ರ ಹೋಗತ್ತೆ, ಕಂಟ್ರೋಲ್ ಜೊತೆ ಡಿಲೀಟ್ ಒತ್ತಿದ್ರೆ ಮಾಡೆಲ್‌ನಿಂದಾನೇ ಹೋಗತ್ತೆ, ಬ್ರೌಸರ್ ಪ್ಯಾನೆಲಲ್ಲಿ ಅಳಿಸಿದ್ರೂ ಹಾಗೇ, ವಾಪಸ್ ಬರಲ್ಲ. ಒಂದ್ಸಲ "ಸುಮ್ನೆ ಟ್ರೈ ಮಾಡಿ ನೋಡೋಣ" ಅಂತ ಒಂದು ಪ್ಯಾಕೇಜ್ ತೆಗ್ದಿದ್ದೆ, ಸೇವ್ ಒತ್ತಿಲ್ವಲ್ಲ ಅನ್ನೋ ಧೈರ್ಯ. ಮಾರನೇ ದಿನ ಟೀಮ್ ಮುಂದೆ ನನ್ನ ಮುಖ ಹೇಗಿತ್ತು ಅಂತ ಕೇಳ್ಬೇಡಿ. ಪ್ರಯೋಗ ಮಾಡೋ ಹಾಗಿದ್ರೆ ಟೂಲ್ ಕ್ಲೋಸ್ ಮಾಡಿ, ಫೈಲ್ ಕಾಪಿ ಮಾಡಿ, ಕಾಪಿ ಮೇಲೆ ಆಟ ಆಡಿ.

ಟೂಲ್ ಕ್ಲೋಸ್ ಮಾಡಿ ಅಂದಿದ್ದು ಸುಮ್ನೆ ಅಲ್ಲ. ಡೇಟಾಬೇಸ್ ಫೈಲು ತೆರೆದಿರುವಾಗ ಕಾಪಿ ಹೊಡೆದ್ರೆ ಅರ್ಧ ಬರೆದಿರೋ ಸ್ಥಿತಿ ಕಾಪಿ ಆಗಬಹುದು. ಪಕ್ಕದಲ್ಲೇ ಎಲ್‌ಡಿಬಿ ಬಾಲದ ಸಣ್ಣ ಲಾಕ್ ಫೈಲ್ ಇದ್ರೆ ಇಎಪಿನ ಯಾರೋ ಇನ್ನೂ ತೆರೆದಿದಾರೆ ಅಂತ ಅರ್ಥ. ಇದೇ ಕಾರಣಕ್ಕೆ ಇಂಥ ಫೈಲನ್ನ ಗೂಗಲ್ ಡ್ರೈವ್, ಒನ್‌ಡ್ರೈವ್ ಥರ ತಾನಾಗೇ ಸಿಂಕ್ ಆಗೋ ಫೋಲ್ಡರ್ ಒಳಗಿಟ್ಟು ಕೆಲ್ಸ ಮಾಡ್ಬೇಡಿ. ನೀವು ಬರೀತಾ ಇರ್ತೀರ, ಅದು ಮೇಲೆ ಕಳಿಸ್ತಾ ಇರತ್ತೆ, ಇನ್ನೊಂದು ಲ್ಯಾಪ್‌ಟಾಪಲ್ಲಿ ನಿಮ್ಮ ಸಹೋದ್ಯೋಗಿ ಅದನ್ನೇ ತೆರೆದಿರ್ತಾನೆ, ಸಂಜೆಗೆ ಎರಡು ಕಾಪಿ, ಎರಡರಲ್ಲೂ ಅರ್ಧರ್ಧ ಸತ್ಯ. ಲೋಕಲ್ ಡ್ರೈವಲ್ಲಿ ಕೆಲ್ಸ, ಮುಗಿದ ಮೇಲೆ ಮುಚ್ಚಿ, ತಾರೀಕು ಹಾಕಿ ಕ್ಲೌಡಿಗೆ ಕಾಪಿ, ಅಷ್ಟೇ.

ಪಪೈರಸ್‌ನಲ್ಲಿ ಒಂದು ಮಾಡೆಲ್ ಅಂದ್ರೆ ಮೂರು ಫೈಲು. ಡಿಐ ಬಾಲದ್ದು ನೇಮ್ ಬೋರ್ಡು, ಯುಎಂಎಲ್ ಬಾಲದ್ರಲ್ಲಿ ನಿಮ್ಮ ಕ್ಲಾಸು, ಆಟ್ರಿಬ್ಯೂಟು, ಅಸೋಸಿಯೇಷನ್ನು ಎಲ್ಲಾ ಇರತ್ತೆ, ನೊಟೇಷನ್ ಬಾಲದ್ರಲ್ಲಿ ಯಾವ ಬಾಕ್ಸ್ ಎಲ್ಲಿದೆ, ಗೆರೆ ಹೇಗೆ ಹೋಗಿದೆ ಅನ್ನೋ ಚಿತ್ರದ ಲೆಕ್ಕ. ನೊಟೇಷನ್ ಫೈಲ್ ತೆಗೆದು ನೋಡಿದ್ರೆ ಪ್ರತಿ ಬಾಕ್ಸಿಗೂ "ಲೈಬ್ರರಿ ಡಾಟ್ ಯುಎಂಎಲ್ ಫೈಲಲ್ಲಿರೋ ಇಂಥ ಐಡಿಯ ವಸ್ತು ನಾನು" ಅಂತ ಬರ್ದಿರತ್ತೆ, ಫೈಲ್ ಹೆಸರಿನ ಸಮೇತ. ಅಂದ್ರೆ ಹೊರಗಡೆ ಎಕ್ಸ್‌ಪ್ಲೋರರಲ್ಲಿ ಒಂದು ಫೈಲಿನ ಹೆಸರು ಬದ್ಲಾಯಿಸಿದ್ರೆ ಕೊಂಡಿ ಕಡಿದ್ಹೋಗತ್ತೆ. ಹೆಸರು ಬದ್ಲಾಯಿಸ್ಲೇಬೇಕಂದ್ರೆ ಎಕ್ಲಿಪ್ಸ್ ಒಳಗೇ ಮಾಡಿ, ಅದು ಮೂರರಲ್ಲೂ ಸರಿ ಮಾಡತ್ತೆ.

ಹೆಜ್ಜೆ 4: ಕಳ್ಸೋದು

ಒಂದೇ ನಿಯಮ, ಫೋಲ್ಡರ್ ಪೂರ್ತಿ ಜಿಪ್ ಮಾಡಿ ಕಳಿಸಿ. ಫೈಲ್ ಆರಿಸಿ ಆರಿಸಿ ಅಲ್ಲ. ಎಕ್ಲಿಪ್ಸ್ ಪ್ರಾಜೆಕ್ಟ್ ಫೋಲ್ಡರಲ್ಲಿ ಚುಕ್ಕಿಯಿಂದ ಶುರುವಾಗೋ ಪ್ರಾಜೆಕ್ಟ್ ಅನ್ನೋ ಹೆಸರಿನ ಒಂದು ಫೈಲ್ ಇರತ್ತೆ, ಮ್ಯಾಕ್ ಮತ್ತೆ ಲಿನಕ್ಸ್‌ನಲ್ಲಿ ಅದು ಕಣ್ಣಿಗೇ ಕಾಣಲ್ಲ, ಕಮಾಂಡಲ್ಲಿ ನಕ್ಷತ್ರ ಹಾಕಿ ಕಾಪಿ ಮಾಡಿದ್ರೆ ಬಿಟ್ಟುಹೋಗತ್ತೆ, ಅದಿಲ್ದೆ ಆ ಕಡೆಯವ್ರ ಎಕ್ಲಿಪ್ಸ್ "ಇಲ್ಲಿ ಪ್ರಾಜೆಕ್ಟೇ ಇಲ್ಲ" ಅನ್ನತ್ತೆ. ಶುರುವಲ್ಲಿ ಹಿಡನ್ ಐಟಮ್ಸ್‌ಗೆ ಟಿಕ್ ಹಾಕಿ ಅಂದಿದ್ದು ಮುಚ್ಚಿಟ್ಟಿರೋ ಇಂಥವೂ ಕಣ್ಣಿಗೆ ಬೀಳ್ಲಿ ಅಂತ.

ಡ್ರಾ ಡಾಟ್ ಐಒ ಬಳಸೋವ್ರಿಗೆ ಒಂದು ಒಳ್ಳೇ ಸೌಕರ್ಯ ಇದೆ. ಪಿಎನ್‌ಜಿ ಎಕ್ಸ್‌ಪೋರ್ಟ್ ಮಾಡುವಾಗ ಡಯಾಗ್ರಾಮಿನ ಕಾಪಿ ಸೇರಿಸು ಅನ್ನೋ ಟಿಕ್ ಹಾಕಿದ್ರೆ ಆ ಚಿತ್ರದೊಳಗೇ ಪೂರ್ತಿ ಡಯಾಗ್ರಾಮ್ ಅಡಗಿರತ್ತೆ, ಆ ಚಿತ್ರಾನೇ ವಾಪಸ್ ಟೂಲಲ್ಲಿ ಓಪನ್ ಮಾಡಿ ಎಡಿಟ್ ಮಾಡಬಹುದು. ಆದ್ರೆ ಅದನ್ನ ವಾಟ್ಸಾಪಲ್ಲಿ ಫೋಟೋ ಅಂತ ಕಳಿಸಿದ್ರೆ ಅದು ಜೆಪೆಗ್‌ಗೆ ಹಿಂಡಿ ಕಳಿಸತ್ತೆ, ಒಳಗಿದ್ದದ್ದು ಮಾಯ. ಡಾಕ್ಯುಮೆಂಟ್ ಅಂತ ಕಳಿಸಿ. ಬರೆದ ಟೆಕ್ಸ್ಟಿಂದ ಡಯಾಗ್ರಾಮ್ ಬಿಡಿಸೋ ಪ್ಲಾಂಟ್‌ಯುಎಂಎಲ್ ಮಾಡೋ ಪಿಎನ್‌ಜಿಲೂ ಇದೇ ಥರ ಬರೆದ ಸೋರ್ಸ್ ಕೂತಿರತ್ತೆ, ಮೂಲ ಫೈಲ್ ಕಳ್ದುಹೋದ್ರೆ ಮೆಟಾಡೇಟಾ ಅನ್ನೋ ಆಪ್ಷನ್ ಕೊಟ್ಟು ಅದನ್ನ ವಾಪಸ್ ತೆಗೀಬಹುದು.

ಹೆಜ್ಜೆ 5: ಓಪನ್ ಮಾಡೋದು

ಡಬಲ್ ಕ್ಲಿಕ್ ಮರ್ತುಬಿಡಿ. ಮೊದ್ಲು ಟೂಲ್ ತೆಗೀರಿ, ಆಮೇಲೆ ಫೈಲ್ ಮೆನುವಿನ ಓಪನ್. ಝಾರ್ಗೋ ಫೈಲನ್ನ ಎಷ್ಟೋ ಸಲ ಬ್ರೌಸರ್ರೋ ಮೇಲೋ ಒಳಗೆ ಜಿಪ್ ಇದೆ ಅಂತ ಪತ್ತೆ ಹಚ್ಚಿ ಜಿಪ್ ಬಾಲ ಹಾಕಿ ಇಳಿಸಿರತ್ತೆ, ಡಬಲ್ ಕ್ಲಿಕ್ ಮಾಡಿದ್ರೆ ವಿನ್‌ರಾರ್ ತೆಗೆದುಕೊಂಡು ಕೂರತ್ತೆ, ಬಾಲ ವಾಪಸ್ ಝಾರ್ಗೋ ಅಂತ ಬದ್ಲಾಯಿಸಿದ್ರೆ ಸಾಕು.

ಜಿಪ್ ಒಳಗಿಂದ ನೇರ ತೆಗೀಬೇಡಿ, ಮೊದ್ಲು ಎಕ್ಸ್‌ಟ್ರಾಕ್ಟ್ ಆಲ್ ಮಾಡಿ. ಇದನ್ನ ಎರಡ್ಸಲ ಓದ್ಕೊಳ್ಳಿ. ವಿಂಡೋಸಲ್ಲಿ ಜಿಪ್ ಒಳಗಿರೋ ಫೈಲ್ ಮೇಲೆ ಡಬಲ್ ಕ್ಲಿಕ್ ಮಾಡಿದ್ರೆ ಅದೊಂದೇ ಫೈಲನ್ನ ಟೆಂಪ್ ಫೋಲ್ಡರಿಗೆ ಎಳ್ಕೊಂಡು ತೋರ್ಸತ್ತೆ. ಪಪೈರಸ್ ಆದ್ರೆ ಮೂರರಲ್ಲಿ ಒಂದು ಬಂತು, ಎರಡು ಒಳಗೇ ಉಳೀತು. ಸ್ಟಾರ್‌ಯುಎಂಎಲ್ ಆದ್ರೆ ತೆರ್ಕೊಳತ್ತೆ, ನೀವು ಮೂರು ಗಂಟೆ ಕೆಲ್ಸ ಮಾಡಿ ಸೇವ್ ಮಾಡ್ತೀರ, ಅದು ಟೆಂಪ್‌ಗೆ ಹೋಗತ್ತೆ, ಜಿಪ್ ತೆಗೆದು ನೋಡಿದ್ರೆ ಹಳೇ ಫೈಲೇ ನಗ್ತಾ ಕೂತಿರತ್ತೆ. ಮೇಲ್ ಅಟ್ಯಾಚ್‌ಮೆಂಟಿಂದ ನೇರ ತೆರೆದ್ರೂ ಇದೇ ಕತೆ. ಈಗಾಗ್ಲೇ ಹಾಗೆ ಮಾಡ್ಕೊಂಡಿದ್ರೆ ಟೂಲ್ ಕ್ಲೋಸ್ ಮಾಡ್ಬೇಡಿ, ಅಲ್ಲಿಂದ್ಲೇ ಸೇವ್ ಆಸ್ ಮಾಡಿ ಡಾಕ್ಯುಮೆಂಟ್ಸ್‌ಗೆ ಹಾಕ್ಕೊಳ್ಳಿ.

ಪಪೈರಸ್‌ಗೆ ಓಪನ್ ಅಲ್ಲ, ಇಂಪೋರ್ಟ್. ಫೈಲ್, ಇಂಪೋರ್ಟ್, ಜನರಲ್, ಎಕ್ಸಿಸ್ಟಿಂಗ್ ಪ್ರಾಜೆಕ್ಟ್ಸ್ ಇಂಟು ವರ್ಕ್‌ಸ್ಪೇಸ್, ಅಲ್ಲಿ ಫೋಲ್ಡರ್ ತೋರ್ಸಿ, ಕಾಪಿ ಪ್ರಾಜೆಕ್ಟ್ಸ್ ಅನ್ನೋದಕ್ಕೆ ಟಿಕ್ ಹಾಕಿ. ಟಿಕ್ ಹಾಕ್ಲಿಲ್ಲ ಅಂದ್ರೆ ಅದು ನಿಮ್ಮ ಡೌನ್‌ಲೋಡ್ಸ್ ಫೋಲ್ಡರಲ್ಲೇ ಕೆಲ್ಸ ಮಾಡ್ತಿರತ್ತೆ, ತಿಂಗಳಾದ್ಮೇಲೆ ಡೌನ್‌ಲೋಡ್ಸ್ ಕ್ಲೀನ್ ಮಾಡಿದ ದಿನ ಪ್ರಾಜೆಕ್ಟೂ ಕ್ಲೀನ್.

ವರ್ಷನ್ನು: ಹಳೇ ಟೂಲಲ್ಲಿ ಮಾಡಿದ್ದು ಹೊಸದ್ರಲ್ಲಿ ಸಾಮಾನ್ಯವಾಗಿ ತೆರೆಯತ್ತೆ, ಹೊಸದ್ರಲ್ಲಿ ಮಾಡಿದ್ದು ಹಳೇದ್ರಲ್ಲಿ ತೆರೆಯತ್ತೆ ಅಂತ ನಂಬ್ಕೋಬೇಡಿ. ಟೀಮಲ್ಲಿ ಎಲ್ರೂ ಒಂದೇ ವರ್ಷನ್ ಹಾಕ್ಕೊಳ್ಳೋದು ಉತ್ತಮ. ಎಂಟರ್‌ಪ್ರೈಸ್ ಆರ್ಕಿಟೆಕ್ಟ್ 16 ಬಂದಾಗಿಂದ ಕ್ಯೂಇಎ ಶುರುವಾಗಿದೆ, ಹಳೇ ಇಎಪಿ ಫೈಲ್ ರಾಶಿ ಇರೋವ್ರು ಅದನ್ನ ಪ್ರಾಜೆಕ್ಟ್ ಟ್ರಾನ್ಸ್‌ಫರ್ ಮಾಡಿ ಕ್ಯೂಇಎಗೆ ತಂದುಬಿಡಿ. ಬರೀ ಬಾಲ ಬದ್ಲಾಯಿಸಿದ್ರೆ ಆಗಲ್ಲ, ಆಕ್ಸೆಸ್ ಡೇಟಾಬೇಸಿಗೆ ಎಸ್‌ಕ್ಯೂಲೈಟ್ ಬಟ್ಟೆ ಹಾಕಿದ ಹಾಗಾಗತ್ತೆ.

ಹೆಜ್ಜೆ 6: ಏನ್ ಮಾಡಿದ್ರೂ ಓಪನ್ ಆಗ್ತಿಲ್ಲ

ಇಂಜಿನಿಯರಿಂಗ್ ಕೊನೇ ವರ್ಷದಲ್ಲಿ ನನ್ನ ಝಾರ್ಗೋ ಫೈಲ್ ಪೆನ್‌ಡ್ರೈವ್ ಕಿತ್ತ ರಭಸಕ್ಕೆ ಕೈಕೊಟ್ಟಿತ್ತು. ಲ್ಯಾಬಲ್ಲಿ ಕರೆಂಟ್ ಹೋಗೋ ಟೈಮಾಗಿತ್ತು, ಸೇಫ್ಲಿ ರಿಮೂವ್ ಅಂತ ಕಾಯೋ ತಾಳ್ಮೆ ಯಾರಿಗಿರತ್ತೆ. ಮಾರನೇ ದಿನ ಎರರ್. ಆವತ್ತು ಸೀನಿಯರ್ ಒಬ್ರು ತೋರಿಸ್ಕೊಟ್ಟ ದಾರೀನೇ ಇವತ್ತಿಗೂ ನಾನು ಹಿಡಿಯೋದು.

ಮೊದ್ಲು ಕಾಪಿ. ಆಮೇಲೆ ಕಾಪಿಯ ಬಾಲ ಜಿಪ್ ಅಂತ ಮಾಡಿ 7-ಜಿಪ್‌ನಲ್ಲಿ ತೆಗೀರಿ. ಒಳಗೆ ಮುಖ್ಯವಾಗಿ ನಾಲ್ಕು ಥರದ ಫೈಲ್ ಕಾಣತ್ತೆ: ಆರ್ಗೋ ಬಾಲದ್ದು ಪ್ರಾಜೆಕ್ಟಿನ ಪಟ್ಟಿ, ಎಕ್ಸ್‌ಎಂಐ ಬಾಲದ್ದು ಮಾಡೆಲ್, ಪಿಜಿಎಂಎಲ್ ಬಾಲದ್ದು ಒಂದೊಂದು ಡಯಾಗ್ರಾಮಿಗೆ ಒಂದೊಂದು, ಕೊನೇಗೆ ಟುಡು. ಜೀವ ಇರೋದು ಎಕ್ಸ್‌ಎಂಐನಲ್ಲಿ. ಅದೊಂದು ಪೂರ್ತಿ ಸಿಕ್ರೆ ಅದನ್ನ ಹೊರಗೆ ತೆಗೆದು ಆರ್ಗೋಯುಎಂಎಲ್‌ನಲ್ಲಿ ಇಂಪೋರ್ಟ್ ಎಕ್ಸ್‌ಎಂಐ ಮಾಡಿ, ಕ್ಲಾಸು, ಆಪರೇಷನ್ನು, ಸಂಬಂಧ ಎಲ್ಲಾ ಎಡಗಡೆ ಮರದಲ್ಲಿ (ಟ್ರೀ ಥರದ ಪಟ್ಟಿ) ಬರತ್ತೆ. ಚಿತ್ರ ಬರಲ್ಲ. ಹೊಸ ಡಯಾಗ್ರಾಮ್ ಮಾಡಿ ಮರದಿಂದ ಒಂದೊಂದೇ ಎಳೆದು ಹಾಕ್ಬೇಕು. ನನಗೆ ಎರಡು ಗಂಟೆ ಹಿಡೀತು, ಮೊದ್ಲಿಂದ ಬರೆಯೋದಾಗಿದ್ರೆ ಎರಡು ದಿನ.

ಜಿಪ್ಪೇ ತೆರೀತಿಲ್ಲ ಅಂದ್ರೆ? ಜಿಪ್ ಫೈಲಿನ ವಿಷಯಸೂಚಿ ಇರೋದು ಫೈಲಿನ ಕಟ್ಟಕಡೇಲಿ, ಮುಂದೆ ಅಲ್ಲ. ಹಾಗಾಗಿ ಅರ್ಧ ಕಾಪಿ ಆಗಿ ನಿಂತ ಫೈಲಲ್ಲಿ ವಿಷಯ ಇರತ್ತೆ, ಸೂಚಿ ಇರಲ್ಲ. ಲಿನಕ್ಸಲ್ಲಿ ಜಿಪ್ ಕಮಾಂಡಿಗೆ ದೊಡ್ಡ ಎಫ್ ಎರಡು ಸಲ ಕೊಟ್ರೆ ಅದು ಇರೋದನ್ನ ಹುಡುಕಿ ಹೊಸ ಮೂಟೆ ಕಟ್ಟೋಕೆ ನೋಡತ್ತೆ. ಸೈಜ್ ಸೊನ್ನೆ ಆಗಿದ್ರೆ ಮಾತ್ರ ಏನೂ ಮಾಡೋಕಾಗಲ್ಲ, ಆ ಅಲೆ ಗುರುತಿನ ಫೈಲ್ ಹುಡ್ಕಿ.

ಎಂಡಿಜೆ ಕೆಟ್ರೆ ವಿಎಸ್ ಕೋಡಲ್ಲಿ ತೆಗೆದು ಲ್ಯಾಂಗ್ವೇಜ್ ಮೋಡ್ ಜೇಸನ್ ಅಂತ ಆರಿಸಿದ್ರೆ ಎಲ್ಲಿ ಮುರಿದಿದೆ ಅಂತ ಕೆಂಪು ಗೆರೆ ತೋರ್ಸತ್ತೆ. ಗಿಟ್ (ಫೈಲಿನ ಹಳೇ ಆವೃತ್ತಿಗಳನ್ನ ಇಟ್ಕೊಳ್ಳೋ ಟೂಲು) ಬಳಸೋವ್ರಾದ್ರೆ ಮರ್ಜ್ ಕಾನ್‌ಫ್ಲಿಕ್ಟಿನ ಬಾಣದ ಗುರುತುಗಳು ಒಳಗೆ ಉಳಿದಿರೋದೇ ಜಾಸ್ತಿ. ಪ್ರತಿ ವಸ್ತುವಿಗೂ ಒಂದು ಐಡಿ, ತನ್ನ ಪೇರೆಂಟ್ ಯಾರು ಅನ್ನೋ ರೆಫರೆನ್ಸ್ ಇರತ್ತೆ, ಕೈಯಲ್ಲಿ ತಿದ್ದುವಾಗ ಒಂದನ್ನ ಅಳಿಸಿ ಅದನ್ನ ತೋರಿಸ್ತಿರೋ ಇನ್ನೊಂದನ್ನ ಬಿಟ್ರೆ ಇನ್ನೊಂದು ತಲೆನೋವು. ಗಿಟ್ ಇದ್ರೆ ಹಳೇ ಕಮಿಟ್‌ಗೆ ಹೋಗೋದೇ ಮರ್ಯಾದೆ. ಝಾರ್ಗೋ, ಕ್ಯೂಇಎ ಥರದ್ದನ್ನ ಗಿಟ್ಟಲ್ಲಿ ಇಡಬಹುದು, ಮರ್ಜ್ ಮಾತ್ರ ಕನಸು, ಹಾಗಾಗಿ ಇವತ್ತು ಯಾರು ಎಡಿಟ್ ಮಾಡ್ತಿದಾರೆ ಅಂತ ಗ್ರೂಪಲ್ಲಿ ಹೇಳಿ ಮಾಡಿ.

ಇಎಪಿ ಕೆಟ್ರೆ ಟೂಲಿನೊಳಗೇ ರಿಪೇರ್, ಕಾಂಪ್ಯಾಕ್ಟ್, ಇಂಟೆಗ್ರಿಟಿ ಚೆಕ್ ಅನ್ನೋವು ಇವೆ. ಕ್ಯೂಇಎ ಆದ್ರೆ ಡಿಬಿ ಬ್ರೌಸರ್ ಫಾರ್ ಎಸ್‌ಕ್ಯೂಲೈಟ್ ಅನ್ನೋ ಟೂಲಲ್ಲಿ ರೀಡ್ ಓನ್ಲಿ ಆಗಿ ತೆಗೆದು ಟಿ ಅಂಡರ್‌ಸ್ಕೋರ್ ಆಬ್ಜೆಕ್ಟ್ ಅನ್ನೋ ಟೇಬಲ್ ನೋಡಿ, ನಿಮ್ಮ ಕ್ಲಾಸ್ ಹೆಸರುಗಳೆಲ್ಲ ಸಾಲಾಗಿ ಕಂಡ್ರೆ ಉಸಿರು ಬಿಡಿ, ಸರಕು ಒಳಗಿದೆ.

ಎಕ್ಸ್‌ಎಂಐ ಬಗ್ಗೆ ಒಂದು ಮಾತು

ಒಂದು ಟೂಲಿಂದ ಇನ್ನೊಂದಕ್ಕೆ ಹೋಗೋಕೆ ಎಕ್ಸ್‌ಎಂಐ ಅನ್ನೋ ಸ್ಟ್ಯಾಂಡರ್ಡ್ ಇದೆ, ಯುಎಂಎಲ್ ಸ್ಟ್ಯಾಂಡರ್ಡ್ ನೋಡ್ಕೊಳ್ಳೋ ಒಎಂಜಿ ಸಂಸ್ಥೆದೇ. ಕೇಳೋಕೆ ಚೆನ್ನಾಗಿದೆ. ಆರ್ಗೋಯುಎಂಎಲ್ ಬರೆಯೋದು ಯುಎಂಎಲ್ 1.4ರ ಎಕ್ಸ್‌ಎಂಐ 1.2, ಹೊಸ ಟೂಲ್‌ಗಳು ಎದುರು ನೋಡೋದು ಯುಎಂಎಲ್ 2ರ ಎಕ್ಸ್‌ಎಂಐ 2, ಹಾಗಾಗಿ ಒಂದರದ್ದು ಇನ್ನೊಂದಕ್ಕೆ ಸುಮ್ನೆ ಹೋಗಲ್ಲ. ಹೋದ್ರೂ ಮಾಡೆಲ್ ಹೋಗತ್ತೆ, ಡಯಾಗ್ರಾಮ್ ಸಾಮಾನ್ಯವಾಗಿ ಹೋಗಲ್ಲ. ಟೂಲ್ ಬದ್ಲಾಯಿಸೋ ಯೋಚನೆ ಇದ್ರೆ ನೂರು ಕ್ಲಾಸ್ ಆದ್ಮೇಲೆ ಅಲ್ಲ, ಐದು ಕ್ಲಾಸ್ ಇರುವಾಗ್ಲೇ ಒಂದ್ಸಲ ಕಳಿಸಿ ಏನೇನು ಉದುರಿಹೋಗತ್ತೆ ಅಂತ ನೋಡ್ಕೊಳ್ಳಿ. ಕೈಬಿಟ್ಟು ಹೋಗೋ ಪ್ರಾಜೆಕ್ಟಾದ್ರೆ ಮೂಲ ಫೈಲ್ ಜೊತೆ ಒಂದು ಎಕ್ಸ್‌ಎಂಐ, ಒಂದು ಪಿಡಿಎಫ್ ಕೂಡ ಇಡಿ, ಟೂಲ್ ಸತ್ರೂ ಪಿಡಿಎಫ್ ತೆರೆಯತ್ತೆ.

ಕನ್ನಡ ಅಕ್ಷರ

ಕ್ಲಾಸ್ ಹೆಸರಲ್ಲೋ ನೋಟ್‌ನಲ್ಲೋ ಕನ್ನಡ ಬರೆಯೋದಾದ್ರೆ ಯೂನಿಕೋಡಲ್ಲೇ ಬರೀರಿ. ಹಳೇ ನುಡಿ ಫಾಂಟಲ್ಲಿ ಟೈಪ್ ಮಾಡಿದ್ದನ್ನ ಅಂಟಿಸಿದ್ರೆ ಒಳಗೆ ಸೇವ್ ಆಗೋದು ಇಂಗ್ಲಿಷ್ ಅಕ್ಷರಗಳ ಚಿತ್ರಾನ್ನ. ಪ್ಲಾಂಟ್‌ಯುಎಂಎಲ್ ಜಾವಾ ಮೇಲೆ ಓಡೋದು, ಜಾವಾ 18ಕ್ಕಿಂತ ಹಳೇದಿದ್ರೆ ವಿಂಡೋಸಿನ ಎನ್‌ಕೋಡಿಂಗ್ ಹಿಡ್ಕೊಂಡು ಕನ್ನಡವನ್ನ ಪ್ರಶ್ನೆ ಚಿಹ್ನೆ ಮಾಡಿಬಿಡತ್ತೆ, ಚಾರ್‌ಸೆಟ್ ಆಪ್ಷನಲ್ಲಿ ಯುಟಿಎಫ್-8 ಅಂತ ಹೇಳಿ. ಫೈಲ್ ಮತ್ತೆ ಫೋಲ್ಡರ್ ಹೆಸರು ಮಾತ್ರ ಇಂಗ್ಲಿಷಲ್ಲಿ, ಸ್ಪೇಸ್ ಇಲ್ದೆ, ಸಣ್ಣದಾಗಿ ಇಡಿ. ಭಾಷಾಭಿಮಾನ ನನಗೂ ಇದೆ, ಹಳೇ ಟೂಲ್‌ಗಳಿಗೆ ಇಲ್ಲ.

ಅಂದ್ಹಾಗೆ ಅಕ್ಕನ ಮಗನ ಕತೆ. ಮೂರೂ ಫೈಲ್ ಕಳ್ಸೋ ಅಂದೆ, ಒಂದೊಂದಾಗಿ ಕಳಿಸಿದ, ಇಳಿಸ್ಕೊಂಡು ಪಪೈರಸಲ್ಲಿ ತೆಗೆದ್ರೆ ಮತ್ತೆ ಎರರ್. ಹನ್ನೊಂದೂವರೆ. ಕಣ್ಣು ಉಜ್ಜಿಕೊಂಡು ಹೆಸರು ನೋಡಿದ್ರೆ ಡೌನ್‌ಲೋಡ್ಸಲ್ಲಿ ಅದೇ ಹೆಸರಿನ ಯಾವುದೋ ಹಳೇ ಫೈಲ್ ಇತ್ತಂತೆ, ಹೊಸದು ಲೈಬ್ರರಿ, ಬ್ರಾಕೆಟಲ್ಲಿ ಒಂದು, ಡಾಟ್ ಯುಎಂಎಲ್ ಅಂತ ಇಳಿದಿತ್ತು. ಹೊಸ ಫೋಲ್ಡರ್ ಮಾಡಿ ಮೂರನ್ನೂ ಅಲ್ಲಿಗೆ ಹಾಕಿ ಆ ಬ್ರಾಕೆಟ್ಟೂ ಒಂದೂ ಅಳಿಸಿದೆ, ಡಯಾಗ್ರಾಮ್ ಬಂತು. ನಲವತ್ತಲ್ಲ, ಹದಿನಾಲ್ಕು ಕ್ಲಾಸ್ ಇತ್ತು.